ಕೂರಿಸಿಟ್ಟು ಕಾಪಾಡಲು ಹೋದೆವು: ಮನೆಯ ಹಿರಿಯರು ಬೀಳದಂತೆ ನೋಡಿಕೊಳ್ಳುವುದು ಹೇಗೆ

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತಲ್ಲ, ಆ ವಾರವೇ ನಾನು ಮಾವಯ್ಯನಿಗೆ ಜಗುಲಿಯಲ್ಲಿ ಒಂದು ಕುರ್ಚಿ ಹಾಕಿಕೊಟ್ಟೆ. ಅವರಿಗೆ ಆಗ 78. ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಕೋಣಂದೂರಿನ ಕಡೆ. ಬೆಳಿಗ್ಗೆ ಕಾಫಿ ಕುಡಿದು ತೋಟಕ್ಕೆ ಇಳಿದರೆ ಹತ್ತು ಗಂಟೆಗೆ ಮೇಲೆ ಹತ್ತಿ ಬರುತ್ತಿದ್ದರು. ಸಂಜೆ ರಸ್ತೆಯ ತನಕ ನಡೆದು, ಅಂಗಡಿ ಕಟ್ಟೆಯಲ್ಲಿ ನಾಲ್ಕು ಮಾತಾಡಿ ವಾಪಸ್. 65 ದಾಟಿದವರು ಮನೆಯಲ್ಲೇ ಇರಬೇಕು ಎಂದು ಟಿವಿಯಲ್ಲಿ ಹೇಳುತ್ತಿದ್ದರು. ನಾವು ಉಣುಗೋಲಿನ (ಅಂಗಳದ ದಾರಿಗೆ ಅಡ್ಡ ಹಾಕುವ ಗಳದ ಬಾಗಿಲು) ಹತ್ತಿರ ಬಕೆಟ್ ನೀರು, ಸೋಪು ಇಟ್ಟೆವು. "ನೀವು ಏಳಬೇಡಿ ಮಾವಯ್ಯ, ಏನು ಬೇಕೋ ಕೇಳಿ" ಎಂದೆ. ಕಾಫಿ, ಬಿಸಿನೀರು, ಎಲೆಅಡಿಕೆ ತಟ್ಟೆ ಎಲ್ಲ ಕೂತಲ್ಲಿಗೇ ತಂದುಕೊಟ್ಟೆ.

ಜುಲೈನಲ್ಲಿ ಪುನರ್ವಸು ಮಳೆ ಹೊಡೆಯುತ್ತಿತ್ತು. ಒಂದು ರಾತ್ರಿ ಕರೆಂಟ್ ಇರಲಿಲ್ಲ. ಮೂರು ಗಂಟೆಗೆ ಬಚ್ಚಲಿಗೆ ಹೊರಟವರು ಅದರ ಮೆಟ್ಟಿಲಲ್ಲಿ ಬಿದ್ದರು. ಮಳೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಐದೂವರೆಗೆ ನಾನು ಹಂಡೆ ಒಲೆ ಹಚ್ಚಲು ಹೋದಾಗ ತಣ್ಣನೆಯ ನೆಲದ ಮೇಲೆ ಮಲಗಿದ್ದರು. "ನಿಮ್ಮನ್ನೆಲ್ಲ ಎಬ್ಬಿಸುವುದು ಯಾಕೆ ಅಂತ ಕೂಗಲಿಲ್ಲ" ಅಂದರು. ಆಸ್ಪತ್ರೆಗೆ ಹೋದರೆ ಕೊರೊನಾ ಅಂಟುತ್ತದೆ ಎಂಬ ಹೆದರಿಕೆಯಲ್ಲಿ ಒಂದು ದಿನ ಎಣ್ಣೆ ಹಚ್ಚಿ ನೋಡಿದೆವು. ಆಮೇಲೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿದಿತ್ತು. ಕೊರೊನಾ ಟೆಸ್ಟ್, ಅದರ ರಿಪೋರ್ಟ್, ಬೆಡ್, ಎಲ್ಲ ಆಗಿ ಆಪರೇಷನ್ ಆಗಿದ್ದು ಬಿದ್ದ ಐದನೇ ದಿನ. ಹತ್ತೊಂಬತ್ತನೇ ದಿನ ನ್ಯುಮೋನಿಯಾದಿಂದ ತೀರಿಕೊಂಡರು. ಟೆಸ್ಟ್ ನೆಗೆಟಿವ್ ಇತ್ತು. ಕೊರೊನಾ ನಮ್ಮ ಉಣುಗೋಲು ದಾಟಲೇ ಇಲ್ಲ.

ಆಮೇಲೆ ನನಗೆ ಅತ್ತೆಯದೇ ಚಿಂತೆ. ಡಾಕ್ಟರ ಹತ್ತಿರ ಹೋದಾಗಲೆಲ್ಲ ಕೇಳಿದೆ. ಶಿವಮೊಗ್ಗದ ಒಬ್ಬ ಫಿಸಿಯೋಥೆರಪಿ ಹುಡುಗಿ ಫೋನಿನಲ್ಲಿ ತೋರಿಸಿಕೊಟ್ಟಳು. ಒಂದು ನೋಟ್‌ಬುಕ್ ತುಂಬ ಬರೆದುಕೊಂಡೆ. ಅದರಿಂದಲೇ ಇಲ್ಲಿ ಬರೆಯುತ್ತಿದ್ದೇನೆ. ಇನ್ನೊಂದು ಕಾಯಿಲೆ ಬಂದು ಮತ್ತೆ ಬಾಗಿಲು ಹಾಕಿಕೊಳ್ಳುವ ಕಾಲ ಬರಬಹುದು. ಬರದಿದ್ದರೂ ನಮ್ಮ ಕಡೆ ಮಳೆಗಾಲದ ನಾಲ್ಕು ತಿಂಗಳು ಹಿರಿಯರಿಗೆ ಒಂಥರಾ ಲಾಕ್‌ಡೌನೇ ಅಲ್ವಾ.

ಮೊದಲು ಕಾಲು, ಆಮೇಲೆ ಮನೆ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅದರಲ್ಲಿ ಜಾಸ್ತಿ 60 ದಾಟಿದವರು. ಬೀಳುವುದು ಅಂದ ಕೂಡಲೇ ನಮಗೆ ಜಾರುವ ನೆಲ ನೆನಪಾಗುತ್ತದೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಆ ಮೆಟ್ಟಿಲನ್ನು ಮಾವಯ್ಯ ಅರವತ್ತು ವರ್ಷ ಹತ್ತಿ ಇಳಿದಿದ್ದಾರೆ, ಕತ್ತಲಲ್ಲೂ. ಮೆಟ್ಟಿಲು ಬದಲಾಗಿರಲಿಲ್ಲ, ಅವರ ಕಾಲು ಬದಲಾಗಿತ್ತು.

ಫಿಸಿಯೋಥೆರಪಿ ಹುಡುಗಿ ಒಂದು ವಿಷಯ ಹೇಳಿದಳು. ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದಾಗ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಮಾಂಸಖಂಡ ಇಳಿದಿತ್ತಂತೆ. ಕುರ್ಚಿಯಲ್ಲಿ ಕೂರುವುದು ಅಷ್ಟು ಕೆಟ್ಟದ್ದಲ್ಲ. ಆದರೆ ನಾವು ಕೂರಿಸಿದ್ದು ಮೂರೂವರೆ ತಿಂಗಳು. ಈಗ ಯೋಚಿಸಿದರೆ ಲಕ್ಷಣ ಎಲ್ಲ ಕಣ್ಣೆದುರೇ ಇತ್ತು. ಜೂನ್ ಹೊತ್ತಿಗೆ ಮಾವಯ್ಯ ಕುರ್ಚಿಯಿಂದ ಏಳಲು ಎರಡೂ ಕೈ ಊರುತ್ತಿದ್ದರು. ಎರಡು ಸಲ ಮುಂದಕ್ಕೆ ತೂಗಿ ಮೂರನೇ ಸಲಕ್ಕೆ ಏಳುತ್ತಿದ್ದರು. ತಿರುಗುವಾಗ ಕಂಬ ಹಿಡಿಯುತ್ತಿದ್ದರು. ವಯಸ್ಸಾಯಿತು ಅಂದುಕೊಂಡೆ. ಮಾರ್ಚ್‌ನಲ್ಲಿ ಇದ್ಯಾವುದೂ ಇರಲಿಲ್ಲ.

ಹಾಗಾಗಿ ಮೊದಲ ಕೆಲಸ, ನಿಮ್ಮ ಮನೆಯ ಹಿರಿಯರ ಕಾಲು ಈಗ ಹೇಗಿದೆ ಎಂದು ನೋಡುವುದು. ಕೈ ಇಲ್ಲದ, ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಎರಡೂ ಕೈಯನ್ನು ಎದೆಯ ಮೇಲೆ ಕತ್ತರಿ ಹಾಕಿಕೊಂಡು, ಮೊಬೈಲಿನಲ್ಲಿ 30 ಸೆಕೆಂಡ್ ಇಟ್ಟು, ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಣಿಸಿ. ನೀವು ಪಕ್ಕದಲ್ಲೇ ನಿಂತಿರಬೇಕು. 75ರಿಂದ 79ರ ಒಳಗಿನ ಹೆಂಗಸರು 10ಕ್ಕಿಂತ, ಗಂಡಸರು 11ಕ್ಕಿಂತ ಕಡಿಮೆ ಸಲ ಎದ್ದರೆ ಬೀಳುವ ಅಪಾಯ ಜಾಸ್ತಿ. ಇನ್ನೊಂದು ಪರೀಕ್ಷೆ: ಕುರ್ಚಿಯಿಂದ ಎದ್ದು, ಮಾಮೂಲಿ ನಡಿಗೆಯಲ್ಲಿ 3 ಮೀಟರ್ ಹೋಗಿ, ತಿರುಗಿ ಬಂದು ಕೂರಬೇಕು. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಬೇಕಾದರೆ ಎಚ್ಚರ. ತಿಂಗಳಿಗೊಮ್ಮೆ ಇದನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. ಅತ್ತೆ ಮೊದಲ ಸಲ ಎದ್ದಿದ್ದು 6 ಸಲ. ನನಗೆ ಅಳು ಬಂತು.

ಅವರಿಗೆ ನಾವು ಮಾಡಿಸಿದ್ದು ನಾಲ್ಕೇ ಕೆಲಸ. ಕುರ್ಚಿಯಿಂದ ಎದ್ದು ಕೂರುವುದು, ಮೊದಮೊದಲು ಕೈ ಊರಿಯೇ, ಐದೈದರಂತೆ ಬೆಳಿಗ್ಗೆ ಸಂಜೆ. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು, ಹತ್ತು ಸಲ. ಕಿಟಕಿ ಸರಳು ಹಿಡಿದು ಒಂದು ಕಾಲಲ್ಲಿ ನಿಲ್ಲುವುದು, ಹತ್ತು ಎಣಿಸುವ ತನಕ. ಗೋಡೆಯ ಪಕ್ಕದಲ್ಲಿ, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನಡೆಯುವುದು. ಸಾರು ಕುದಿಯುವ ಹೊತ್ತಿನಲ್ಲಿ ಇಷ್ಟೂ ಮುಗಿಯುತ್ತದೆ. ವಾರಕ್ಕೆ ಮೂರು ದಿನವಾದರೂ ಬೇಕು. ಎದೆನೋವು, ತಲೆಸುತ್ತು, ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ಹೇಳಿ. ಬರೀ ನಡಿಗೆ ಸಾಲದು, ಕಾಲಿನ ಬಲ ಮತ್ತು ಸಮತೋಲ ಎರಡಕ್ಕೂ ಅಭ್ಯಾಸ ಬೇಕು. ಇಂಥ ವ್ಯಾಯಾಮದಿಂದ ಬೀಳುವುದು ಸುಮಾರು ಕಾಲು ಭಾಗದಷ್ಟು ಕಡಿಮೆಯಾಗುತ್ತದೆ ಎಂದು ತುಂಬ ಜನರ ಮೇಲೆ ನಡೆದ ಅಧ್ಯಯನಗಳು ಹೇಳುತ್ತವೆ.

ಇದಕ್ಕಿಂತ ಕಷ್ಟದ್ದು ನಾವು ಬದಲಾಗುವುದು. ಕೂತಲ್ಲಿಗೇ ಕಾಫಿ ಕೊಡುವುದನ್ನು ನಾನು ನಿಲ್ಲಿಸಿದೆ. ಈಗ ಅತ್ತೆ ಅಡುಗೆಮನೆಗೆ ಬಂದು ಕುಡಿಯುತ್ತಾರೆ. ಹೂವು ಕೊಯ್ಯುವುದು, ಕರಿಬೇವು ತರುವುದು, ಒಣಗಿದ ಬಟ್ಟೆ ಮಡಚಿ ಒಳಗೆ ಇಡುವುದು ಅವರದೇ ಕೆಲಸ. "ಸೊಸೆ ಅತ್ತೆ ಕೈಲಿ ಕೆಲಸ ಮಾಡಿಸ್ತಾಳೆ" ಎಂದು ನೆಂಟರು ಅಂದಿದ್ದು ನನ್ನ ಕಿವಿಗೂ ಬಿತ್ತು. ಮನಸ್ಸಿಗೆ ಚುಚ್ಚಿತು. ಆದರೂ ಬಿಡಲಿಲ್ಲ. ಅಂಟುವ ಕಾಯಿಲೆ ಇದ್ದಾಗ ಜನರಿಂದ ದೂರ ಇಡಬೇಕು, ನಿಜ. ನಡಿಗೆಯಿಂದ ದೂರ ಇಡಬೇಕಾಗಿಲ್ಲ. ನಮ್ಮ ತೋಟದಲ್ಲಿ ಯಾವ ಜನ ಇದ್ದರು? ಮಾವಯ್ಯನನ್ನು ಬೆಳಗಿನ ಹೊತ್ತು ಅಲ್ಲಿಗೆ ಹೋಗಲು ಬಿಡಬಹುದಿತ್ತು. ಇದನ್ನು ನೆನೆಸಿಕೊಂಡಾಗಲೆಲ್ಲ ಸಂಕಟವಾಗುತ್ತದೆ.

ಬಚ್ಚಲು

ಮಲೆನಾಡಿನ ಹಳೇ ಮನೆಗಳಲ್ಲಿ ಬಚ್ಚಲು ಮನೆಯ ನೆಲಕ್ಕಿಂತ ಒಂದು ಮೆಟ್ಟಿಲು ಕೆಳಗೆ ಇರುತ್ತದೆ. ಅದೂ ಹಿಂಭಾಗದಲ್ಲಿ, ಬೆಳಕು ಕಡಿಮೆ, ಒಲೆಯ ಹೊಗೆಗೆ ಗೋಡೆಯೆಲ್ಲ ಕಪ್ಪು. ಮೆಟ್ಟಿಲು, ನೆಲ ಎರಡೂ ಒಂದೇ ಬಣ್ಣ. ಮಂಜಾದ ಕಣ್ಣಿಗೆ ಅಂಚು ಎಲ್ಲಿ ಮುಗಿಯಿತು ಎಂದೇ ಗೊತ್ತಾಗುವುದಿಲ್ಲ. ನಾನು ಮೊದಲು ಮಾಡಿದ್ದು ಮೆಟ್ಟಿಲಿನ ಅಂಚಿಗೆ ಎರಡಿಂಚು ಅಗಲಕ್ಕೆ ಹಳದಿ ಪೇಂಟ್ ಬಳಿದಿದ್ದು. ಲಾಕ್‌ಡೌನಿನಲ್ಲಿ ಅಂಗಡಿ ಇಲ್ಲದಿದ್ದರೆ ಸುಣ್ಣವೂ ಆಗುತ್ತದೆ, ವಾರಕ್ಕೊಮ್ಮೆ ಬಳಿಯಬೇಕು ಅಷ್ಟೇ.

ಎರಡನೆಯದು ಹಿಡಿಕೆ. ನಮ್ಮ ಗೋಡೆ ಕೆಂಪು ಕಲ್ಲಿನದು. ಸುಮ್ನೆ ಸ್ಕ್ರೂ ಹೊಡೆದರೆ ಕೆಲವು ದಿನಕ್ಕೆ ಸಡಿಲವಾಗುತ್ತದೆ. ಅದಕ್ಕೇ ಕಬ್ಬಿಣದ ಪೈಪಿನ ಎರಡೂ ತುದಿ ಬಗ್ಗಿಸಿ, ಗೋಡೆ ಕೊರೆದು ಒಳಗೆ ಕೂರಿಸಿ ಸಿಮೆಂಟ್ ಹಾಕಿಸಿದೆವು. ಮಣ್ಣಿನ ಗೋಡೆಯಾದರೆ ನೆಲದಲ್ಲೇ ಒಂದು ಕಂಬ ಹುಗಿಸಿ. ಎತ್ತರ ಎಷ್ಟು ಅಂದರೆ, ಅವರು ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಎಲ್ಲಿ ಬರುತ್ತದೋ ಅಲ್ಲಿ. ಊರುಗೋಲಿಗೂ ಇದೇ ಅಳತೆ. ಕೂರಿಸಿದ ಮೇಲೆ ನೀವೇ ಪೂರ್ತಿ ಭಾರ ಹಾಕಿ ಜೋತು ನೋಡಿ. ಟವೆಲ್ ಹಾಕುವ ಸರಳು, ನಲ್ಲಿ, ಹಂಡೆಯ ಕಂಠ ಇವನ್ನು ಹಿಡಿಯುವ ಅಭ್ಯಾಸ ಬಿಡಿಸಿ.

ಸ್ನಾನಕ್ಕೆ ಪ್ಲಾಸ್ಟಿಕ್ ಕುರ್ಚಿ ಇಡುತ್ತಾರೆ. ಒದ್ದೆ ನೆಲದಲ್ಲಿ ಅದರ ಕಾಲು ಅಗಲವಾಗಿ ಜಾರುತ್ತದೆ. ನಾವು ಮೂಲೆಯಲ್ಲಿ ಒಂದು ಕಲ್ಲಿನ ಕಟ್ಟೆ ಕಟ್ಟಿಸಿದೆವು, ಅತ್ತೆಯ ಮೊಣಕಾಲಿನ ಎತ್ತರಕ್ಕೆ. ಹಂಡೆಗೆ ಬಗ್ಗಿ ಬಿಸಿನೀರು ತೋಡುವುದು ಅವರ ಕೆಲಸ ಅಲ್ಲ, ಅದನ್ನು ಬೇರೆಯವರು ಬಕೆಟ್‌ಗೆ ತೋಡಿ ಕಟ್ಟೆಯ ಪಕ್ಕ ಇಡಬೇಕು. ಎಣ್ಣೆಸ್ನಾನದ ದಿನ ಸೀಗೆಪುಡಿ ಹಾಕಿ ನೆಲವನ್ನೂ ಉಜ್ಜಿ, ಇಲ್ಲದಿದ್ದರೆ ಮಾರನೇ ದಿನ ಮೊದಲು ಹೋದವರು ಜಾರುತ್ತಾರೆ. ತುಂಬ ಬಿಸಿನೀರು ಹೊಯ್ದುಕೊಂಡು ತಟ್ಟನೆ ಎದ್ದರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ಮೈ ಒರೆಸಿಕೊಂಡು ಎರಡು ನಿಮಿಷ ಕೂತೇ ಇರಲಿ. ಚಿಲಕ ಹಾಕುವುದು ಬೇಡ, ಬಾಗಿಲು ಮುಂದೆ ಮಾಡಿದರೆ ಸಾಕು. ಅತ್ತೆ ನಾಚಿಕೆಯಿಂದ ಇದಕ್ಕೆ ತುಂಬ ದಿನ ಒಪ್ಪಲಿಲ್ಲ. ಹೊರಗೆ ಹಗ್ಗಕ್ಕೆ ಅವರ ಸೀರೆ ನೇತುಹಾಕಿದ್ದರೆ ಒಳಗೆ ಇದ್ದಾರೆ ಎಂದರ್ಥ ಅಂತ ಮನೆಯವರಿಗೆಲ್ಲ ಹೇಳಿದ ಮೇಲೆ ಒಪ್ಪಿದರು.

ನೆಲದ ಮೇಲೆ ಕೂರುವ ಪಾಯಿಖಾನೆಯಾದರೆ ಅದರ ಮೇಲೆ ಇಡುವ ಕಮೋಡ್ ಕುರ್ಚಿ ತನ್ನಿ. ಕೆಳಗಿನಿಂದ ಏಳುವಾಗಲೇ ತುಂಬ ಜನ ಬೀಳುವುದು.

ಅಂಗಳ, ಹೊಸ್ತಿಲು

ಮಳೆಗಾಲದಲ್ಲಿ ಕಾಲು ಒರೆಸಲು ಹೊಸ್ತಿಲ ಹತ್ತಿರ ಗೋಣಿಚೀಲ ಹಾಸುತ್ತೇವಲ್ಲ, ಕೆಂಪು ಸಿಮೆಂಟಿನ ನುಣುಪು ನೆಲದ ಮೇಲೆ ಅದು ಕಾಲಿನ ಜೊತೆಗೇ ಸರಿಯುತ್ತದೆ. ಒದ್ದೆಯಾದರೆ ಅಂಚು ಮುದುಡಿ ಬೆರಳಿಗೆ ಸಿಕ್ಕುತ್ತದೆ. ಇದನ್ನು ಇವತ್ತೇ ತೆಗೆಯಿರಿ. ಅಡಿಯಲ್ಲಿ ರಬ್ಬರ್ ಇರುವ ಮ್ಯಾಟ್ ಹಾಕಿ.

ಅಂಗಳದ ಹಾವಸೆಗೆ, ಅಂದರೆ ಪಾಚಿಗೆ, ಬ್ಲೀಚಿಂಗ್ ಪೌಡರ್ ಉದುರಿಸಿ, ಸ್ವಲ್ಪ ನೀರು ಚಿಮುಕಿಸಿ, ಇಪ್ಪತ್ತು ನಿಮಿಷ ಬಿಟ್ಟು ಕಡ್ಡಿ ಪೊರಕೆಯಿಂದ ಉಜ್ಜಿ ತೊಳೆಯಿರಿ. ಪಾಯಿಖಾನೆ ತೊಳೆಯುವ ಆಸಿಡ್ ಜೊತೆ ಮಾತ್ರ ಬೆರೆಸಬೇಡಿ, ವಿಷದ ಗಾಳಿ ಬರುತ್ತದೆ. ಆರಿದ್ರಾ ಮಳೆಗೆ ಮೊದಲು ಒಂದು ಸಲ, ಆಮೇಲೆ ಮಳೆ ಬಿಟ್ಟು ಹೊಳವಾದಾಗಲೆಲ್ಲ ಮಾಡಿ. ನಡೆಯುವ ದಾರಿಗೆ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಹಾಸುವುದು ನಮ್ಮ ರೂಢಿ. ಹೊಸದಿದ್ದಾಗ ಚೆನ್ನಾಗಿರುತ್ತದೆ, ಹಳತಾದರೆ ಸೋಪಿನ ಹಾಗೆ. ಹಿರಿಯರು ಓಡಾಡುವ ಕಡೆ ಜಲ್ಲಿ ಹಾಕಿಸುವುದೇ ಒಳ್ಳೆಯದು. ತಳ ಸವೆದ ಹವಾಯಿ ಚಪ್ಪಲಿ ಎಸೆಯಿರಿ, ಹಿಂದೆ ಪಟ್ಟಿ ಇರುವುದು ತನ್ನಿ. ಪಂಚೆ, ಸೀರೆ, ಹೊದ್ದ ಕಂಬಳಿ ನೆಲಕ್ಕೆ ಎಳೆಯದಿರಲಿ.

ರಾತ್ರಿ

ಮಂಚದಿಂದ ಬಚ್ಚಲಿನ ತನಕ ನೀವೇ ಒಂದು ಸಲ ರಾತ್ರಿ ದೀಪ ಇಲ್ಲದೆ ನಡೆದು ನೋಡಿ. ಎಲ್ಲಿ ತಡಕಾಡುತ್ತೀರೋ ಅಲ್ಲಿ ಒಂದು ಸಣ್ಣ ಬಲ್ಬ್ ಬೇಕು. ಮಳೆಗಾಲದಲ್ಲಿ ಕರೆಂಟ್ ನಂಬುವ ಹಾಗಿಲ್ಲ, ಅದಕ್ಕೇ ಟಾರ್ಚ್ ಒಂದನ್ನು ಮಂಚದ ಕಾಲಿಗೆ ದಾರದಿಂದ ಕಟ್ಟಿ. ಎದ್ದ ಕೂಡಲೇ ನಿಲ್ಲಬಾರದು. ಮಂಚದ ಅಂಚಿನಲ್ಲಿ ಕೂತು, ಪಾದ ಹತ್ತು ಸಲ ಮೇಲೆ ಕೆಳಗೆ ಆಡಿಸಿ, ಆಮೇಲೆ ಏಳಲಿ. ತುಂಬ ಮಳೆ ಇರುವ ರಾತ್ರಿ ಮಂಚದ ಪಕ್ಕದಲ್ಲೇ ಯೂರಿನ್ ಪಾಟ್ ಇಡಿ.

ನಮ್ಮ ಕೊಟ್ಟಿಗೆಯಲ್ಲಿ ಹಳೇ ದನದ ಗಂಟೆ ಎರಡು ಇದ್ದವು. ಒಂದನ್ನು ಅತ್ತೆಯ ಮಂಚಕ್ಕೆ ಕಟ್ಟಿದೆ. ಇನ್ನೊಂದನ್ನು ಬಚ್ಚಲಿನಲ್ಲಿ ಕಟ್ಟಿ, ಅದರ ಹಗ್ಗ ನೆಲಕ್ಕೆ ತಾಗುವಷ್ಟು ಉದ್ದ ಬಿಟ್ಟೆ. ಬಿದ್ದವರ ಕೈಗೆ ಸಿಗಬೇಕು ಅಂತ. ನೆಲದ ಮೇಲೆ ಗಂಟೆಗಟ್ಟಲೆ ಬಿದ್ದಿರುವುದೇ ಬೇರೆ ಅಪಾಯ. ಮೈ ತಣ್ಣಗಾಗುತ್ತದೆ, ಒತ್ತಿದ ಮಾಂಸಖಂಡ ಹಾಳಾಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ. "ಎಬ್ಬಿಸಿದರೆ ನಮಗೆ ತೊಂದರೆ ಇಲ್ಲ, ಎಬ್ಬಿಸದಿದ್ದರೆ ತೊಂದರೆ" ಎಂದು ಹಿರಿಯರಿಗೆ ಬಾಯಿಬಿಟ್ಟು ಹೇಳಿ. ನಾನು ಮಾವಯ್ಯನಿಗೆ ಹೇಳಿರಲಿಲ್ಲ.

ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದು ಹಿರಿಯರಿಬ್ಬರೇ ಇರುವ ಮನೆ ನಮ್ಮ ಸುತ್ತ ತುಂಬ ಇವೆ. ಅವರಿಗೆ ಬೆಳಿಗ್ಗೆ ಏಳಕ್ಕೆ, ರಾತ್ರಿ ಎಂಟಕ್ಕೆ ಫೋನ್ ಆಗಲೇಬೇಕು. ಎತ್ತದಿದ್ದರೆ ಹೋಗಿ ನೋಡುವ ಪಕ್ಕದ ಮನೆಯವರು ಯಾರು, ಅವರ ಹತ್ತಿರ ಕೀ ಇದೆಯೇ ಎಂಬುದು ಮೊದಲೇ ಗೊತ್ತಾಗಿರಲಿ. ಹಿರಿಯರ ಸಹಾಯವಾಣಿ 14567 ಎಂಬ ನಂಬರನ್ನೂ ಗೋಡೆಯ ಮೇಲೆ ದಪ್ಪಗೆ ಬರೆದಿಡಿ.

ಮಾತ್ರೆ, ಊಟ

ನಿದ್ದೆ ಮಾತ್ರೆ, ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ, ನೆಗಡಿಗೆ ತಂದ ನಿದ್ದೆ ಬರಿಸುವ ಮಾತ್ರೆ, ಇವೆಲ್ಲ ಬೀಳಿಸುತ್ತವೆ. ಲಾಕ್‌ಡೌನಿನಲ್ಲಿ ಹಳೇ ಚೀಟಿ ತೋರಿಸಿ ತಿಂಗಳುಗಟ್ಟಲೆ ಅದನ್ನೇ ತಂದವರು ಎಷ್ಟೋ ಜನ. ನೀವಾಗಿ ನಿಲ್ಲಿಸಬೇಡಿ. ಎಲ್ಲ ಮಾತ್ರೆ ಒಂದು ಚೀಲಕ್ಕೆ ಹಾಕಿಕೊಂಡು ಡಾಕ್ಟರಿಗೆ ತೋರಿಸಿ. ಹೋಗಲಾಗದ ಕಾಲದಲ್ಲಿ ಫೋನಿನಲ್ಲೇ ತೋರಿಸಬಹುದು, ಸರ್ಕಾರದ ಇ-ಸಂಜೀವಿನಿಯಲ್ಲಿ ಮನೆಯಿಂದಲೇ ಡಾಕ್ಟರ ಹತ್ತಿರ ಮಾತಾಡುವ ಸೌಲಭ್ಯ 2020ರ ಏಪ್ರಿಲ್‌ನಲ್ಲೇ ಶುರುವಾಗಿದೆ. ಮಲಗಿದ್ದಾಗ ಒಂದು ಸಲ, ಎದ್ದು ನಿಂತ ಮೂರು ನಿಮಿಷದ ಒಳಗೆ ಒಂದು ಸಲ ಬಿಪಿ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ತಪ್ಪದೆ ಹೇಳಿ.

ಗಂಜಿ, ಸಾರನ್ನದಲ್ಲಿ ಕಾಲಿಗೆ ಬಲ ಬರುವುದಿಲ್ಲ. ಮೊಟ್ಟೆ ತಿನ್ನುವವರು ಮೊಟ್ಟೆ, ಇಲ್ಲವೇ ಹೆಸರುಕಾಳು, ಹುರುಳಿ, ಹಾಲು, ಮೊಸರು ಪ್ರತಿ ಊಟದಲ್ಲೂ ಇರಲಿ. ವಿಟಮಿನ್ ಡಿ ಡಾಕ್ಟರ್ ಹೇಳಿದಷ್ಟೇ, ಹೇಳಿದಷ್ಟು ವಾರವೇ. ಜಾಸ್ತಿ ತಿಂದರೆ ಒಳ್ಳೆಯದಾಗುವುದಿಲ್ಲ.

ಬಿದ್ದರೆ

ಓಡಿ ಹೋಗಿ ಎತ್ತಬೇಡಿ. ಇದು ಎಲ್ಲಕ್ಕಿಂತ ಕಷ್ಟ, ಕೈ ತಾನಾಗಿಯೇ ಮುಂದೆ ಹೋಗುತ್ತದೆ. ಪಕ್ಕದಲ್ಲಿ ಕೂತು, ಕಂಬಳಿ ಹೊದಿಸಿ ಮಾತಾಡಿಸಿ. ಕುತ್ತಿಗೆ, ಬೆನ್ನು ನೋವೇ? ಕಾಲು ಎತ್ತಲಾಗುತ್ತದೆಯೇ? ಒಂದು ಕಾಲು ಗಿಡ್ಡವಾಗಿ, ಪಾದ ಹೊರಗೆ ತಿರುಗಿದ್ದರೆ ಸೊಂಟದ ಹತ್ತಿರ ಮುರಿದಿದೆ ಎಂದೇ ತಿಳಿಯಿರಿ. ನಡೆಸಬೇಡಿ, ತಿಕ್ಕಬೇಡಿ, ಎಣ್ಣೆ ಹಚ್ಚಬೇಡಿ. ಎರಡು ಕಾಲಿನ ನಡುವೆ ದಿಂಬು ಇಟ್ಟು ಮೆತ್ತಗೆ ಬಟ್ಟೆ ಕಟ್ಟಿ, 108ಕ್ಕೆ ಫೋನ್ ಮಾಡಿ. ಗಾಡಿ ಮನೆ ತನಕ ಬರದಿದ್ದರೆ ಅಗಲವಾದ ಹಲಗೆಯ ಮೇಲೆ ನಾಲ್ಕು ಜನ ಹೊತ್ತು ರಸ್ತೆಗೆ ಒಯ್ಯಿರಿ. ಏನಾದರೂ ತಿನ್ನಲು ಕೊಡುವ ಮೊದಲು ಫೋನಿನಲ್ಲೇ ಕೇಳಿ.

ಸೊಂಟದ ಮೂಳೆ ಮುರಿದರೆ ಒಂದೆರಡು ದಿನದೊಳಗೆ ಆಪರೇಷನ್ ಆಗುವುದು ಒಳ್ಳೆಯದು. ತಡವಾದಷ್ಟು ದಿನ ಮಲಗಿರಬೇಕು, ಮಲಗಿದಷ್ಟು ನ್ಯುಮೋನಿಯಾ, ಬೆನ್ನಹುಣ್ಣು. ನಾವು ಕಳೆದುಕೊಂಡ ಮೊದಲ ದಿನ ಯಾವ ಆಸ್ಪತ್ರೆಯ ತಪ್ಪೂ ಅಲ್ಲ, ನಮ್ಮದೇ ಹೆದರಿಕೆ. ಊರಲ್ಲಿ ಕಾಯಿಲೆ ಎಷ್ಟೇ ಇರಲಿ, ಮಾಸ್ಕ್ ಹಾಕಿಕೊಂಡು ಹೊರಡಿ. ಮಾತ್ರೆಗಳ ಪಟ್ಟಿ, ಆಧಾರ್, ಹಳೇ ಚೀಟಿ ಒಂದು ಚೀಲದಲ್ಲಿ ಸಿದ್ಧ ಇರಲಿ.

ಇನ್ನೊಂದು ಮಾತು. ಕೊರೊನಾದಲ್ಲಿ ಎಷ್ಟೋ ಹಿರಿಯರಿಗೆ ಜ್ವರ, ಕೆಮ್ಮು ಬರುವ ಮೊದಲೇ ಬೀಳುವುದು, ಗೊಂದಲವಾಗಿ ಏನೇನೋ ಮಾತಾಡುವುದು ಶುರುವಾಗುತ್ತಿತ್ತು. ಮೂತ್ರದ ಸೋಂಕಿನಲ್ಲೂ ಹೀಗೇ. ಕಾರಣ ಇಲ್ಲದೆ ಬಿದ್ದರೆ ಜ್ವರ ನೋಡಿ, ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿ.

ತಲೆಗೆ ಪೆಟ್ಟು ಬಿದ್ದಿದ್ದು, ರಕ್ತ ತೆಳುವಾಗುವ ಮಾತ್ರೆ ತಿನ್ನುವವರಾದರೆ, ಚೆನ್ನಾಗಿದ್ದೇನೆ ಅಂದರೂ ಅವತ್ತೇ ತೋರಿಸಿ. ಒಳಗೆ ನಿಧಾನವಾಗಿ ರಕ್ತ ಸೋರಿ ಎರಡು ಮೂರು ವಾರದ ಮೇಲೂ ತೊಂದರೆ ಕಾಣಿಸಬಹುದು. ತಲೆನೋವು ಏರುವುದು, ಮಂಪರು, ವಾಂತಿ, ಒಂದು ಕಡೆ ಕೈಕಾಲು ಸೋಲುವುದು ಇದ್ದರೆ ತಡ ಮಾಡಬೇಡಿ.

ಏನೂ ಪೆಟ್ಟಾಗಿಲ್ಲ ಎಂದು ಖಾತ್ರಿಯಾದರೆ ಅವರೇ ಏಳಲಿ. ಪಕ್ಕಕ್ಕೆ ಹೊರಳಿ, ಅಂಗೈ ಮೊಣಕಾಲು ಊರಿ, ಅಂಬೆಗಾಲಲ್ಲಿ ಗಟ್ಟಿ ಕುರ್ಚಿಯ ಹತ್ತಿರ ಬರಬೇಕು. ಎರಡೂ ಕೈ ಕುರ್ಚಿಯ ಮೇಲಿಟ್ಟು, ಬಲ ಇರುವ ಕಾಲನ್ನು ಮುಂದೆ ಊರಿ, ಒತ್ತಿ ಎದ್ದು, ತಿರುಗಿ ಕೂರಬೇಕು. ಬೀಳುವ ಮೊದಲೇ, ಹಾಸಿಗೆ ಹಾಸಿದ ನೆಲದ ಮೇಲೆ ಇದನ್ನು ಒಂದೆರಡು ಸಲ ಅಭ್ಯಾಸ ಮಾಡಿಸಿ.

ಹೋದ ಮಳೆಗಾಲದಲ್ಲಿ ಅತ್ತೆ ಕೊಟ್ಟಿಗೆಯ ಬಾಗಿಲಲ್ಲಿ ಜಾರಿದರು. ಕೈ ತರಚಿತು, ಅಷ್ಟೇ. ಆದರೆ ಮೂರು ದಿನ ಜಗುಲಿ ಬಿಟ್ಟು ಇಳಿಯಲಿಲ್ಲ. "ಸಾಕು ತಂಗಿ, ಕೂತೇ ಇರ್ತೀನಿ" ಅಂದರು. ಬಿದ್ದ ಹೆದರಿಕೆಯಲ್ಲಿ ಕೂರುವುದು, ಕೂತು ಕಾಲು ಸೋಲುವುದು, ಸೋತ ಕಾಲಲ್ಲಿ ಮತ್ತೆ ಬೀಳುವುದು, ಇದನ್ನು ನಾನು ಒಂದು ಸಲ ನೋಡಿದ್ದೇನೆ. ನಾಲ್ಕನೇ ದಿನ ಬೆಳಿಗ್ಗೆ ಹೊಳವಾಗಿತ್ತು. ಕಾಫಿ ಅಡುಗೆಮನೆಯಲ್ಲೇ ಇದೆ ಎಂದೆ. ಬಂದರು. ಆಮೇಲೆ ನನ್ನ ಭುಜ ಹಿಡಿದುಕೊಂಡು ಬಾವಿಕಟ್ಟೆಯ ತನಕ ನಡೆದರು, ಅಲ್ಲಿ ಸ್ವಲ್ಪ ಹೊತ್ತು ನಿಂತು ದಾಸವಾಳ ಕೊಯ್ದುಕೊಂಡು ವಾಪಸ್ ಬಂದರು. ಆ ತಿಂಗಳ ಕೊನೆಗೆ ಕ್ಯಾಲೆಂಡರಿನಲ್ಲಿ 11 ಎಂದು ಬರೆದೆ.